ಅಲಾರಂ ಸದ್ದಾದ ಮೇಲಿನ ಒಂದು ನಿಮಿಷ: ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳೊಂದಿಗೆ ನನ್ನ ಅನುಭವ

ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಿಗೆ ಅಲಾರಂ ವಿಧಾನವನ್ನೇ (ಒದ್ದೆ ತಾಗಿದೊಡನೆ ಸದ್ದು ಮಾಡುವ ಉಪಕರಣದಿಂದ ಮಗುವನ್ನು ಎಬ್ಬಿಸುವುದು) ಮೊದಲು ಪ್ರಯತ್ನಿಸುತ್ತೇನೆ ಎಂದಾಗಲೆಲ್ಲ ಸಹೋದ್ಯೋಗಿಗಳು ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ: "ಪುಸ್ತಕದಲ್ಲಿ ಚೆನ್ನಾಗಿದೆ, ಮನೆಯಲ್ಲಿ ನಡೆಯುವುದಿಲ್ಲ." ಅವರ ಅನುಮಾನ ನಿರಾಧಾರವೇನೂ ಆಗಿರಲಿಲ್ಲ. ಉಪಕರಣ ಒಯ್ದ ಪೋಷಕರಲ್ಲಿ ಬಹಳ ಮಂದಿ ಎರಡನೆಯ ವಾರ ಮುಗಿಯುವುದರೊಳಗೆ ಅದನ್ನು ಕಪಾಟಿಗೆ ಸೇರಿಸುತ್ತಿದ್ದರು. ಪಟ್ಟುಹಿಡಿದು ಮುಂದುವರಿಸಿದ ಮನೆಗಳಲ್ಲಿಯೂ, ಅಲಾರಂ ತೆಗೆದ ಕೆಲವು ತಿಂಗಳಲ್ಲಿ, ಗುಣವಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮೊದಲಿನ ಸ್ಥಿತಿಗೇ ಮರಳುತ್ತಿದ್ದರು. ಈಗ ನನ್ನ ಬಳಿಗೆ ಬರುವವರಲ್ಲಿ ಹತ್ತಕ್ಕೆ ಏಳೆಂಟು ಮಕ್ಕಳು ಒಣ ಹಾಸಿಗೆಯಿಂದ ಏಳುತ್ತಾರೆ, ಮರುಕಳಿಸುವುದು ಅವರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಕಡತ ತೆರೆದು ಎಣಿಸಿ ಹೇಳುತ್ತಿಲ್ಲ, ನೆನಪಿನ ಲೆಕ್ಕ ಇದು. ಆದರೆ ಅಂದು ತಲೆಯಾಡಿಸಿದವರಲ್ಲಿ ಕೆಲವರು ಇಂದು ತಮ್ಮ ಕಠಿಣ ಪ್ರಕರಣಗಳನ್ನು ನನಗೇ ಕಳುಹಿಸುತ್ತಾರೆ ಎಂಬುದು ಲೆಕ್ಕಕ್ಕಿಂತ ಗಟ್ಟಿಯಾದ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಒಂದು ಸೂಚನೆಗೆ ಮತ್ತೆ ಮತ್ತೆ ಜೋಡಿಸಿದ ಪ್ರತಿಕ್ರಿಯೆ ಕ್ರಮೇಣ ತಾನಾಗಿಯೇ ಬರುವಂತಾಗುವ ಕಲಿಕೆಯೇ ಅನುಬಂಧನ; ಅದರ ಪಾಠವನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಐದು ವರ್ಷ ದಾಟಿರಬೇಕು, ವಾರಕ್ಕೆ ಎರಡು ಬಾರಿಯಂತೆ ಮೂರು ತಿಂಗಳಾದರೂ ನಡೆದಿರಬೇಕು ಎಂಬ ರೋಗನಿರ್ಣಯದ ಮಾನದಂಡವೂ ಓದುಗರಿಗೆ ಗೊತ್ತಿರುವುದೇ. ಮಲಬದ್ಧತೆ, ಮೂತ್ರದ ಸೋಂಕು, ಮಧುಮೇಹ ಇವುಗಳನ್ನು ವೈದ್ಯರು ತಳ್ಳಿಹಾಕುವವರೆಗೆ ನಾನು ಉಪಕರಣವನ್ನು ಮುಟ್ಟುವುದಿಲ್ಲ. ಆರು ತಿಂಗಳು ಒಣಗಿದ್ದು ಮತ್ತೆ ಆರಂಭವಾದ ಮಗುವಾದರಂತೂ ಈ ವಿಷಯದಲ್ಲಿ ರಾಜಿಯೇ ಇಲ್ಲ. ಮಲಬದ್ಧತೆ ಸರಿಹೋದದ್ದೇ ತಡ ಹಾಸಿಗೆಯೂ ಒಣಗಿ, ನನಗೆ ಕೆಲಸವೇ ಉಳಿಯದ ಪ್ರಕರಣಗಳೂ ಉಂಟು.

ನನ್ನ ಕ್ರಮವನ್ನು ಬದಲಿಸಿದ್ದು ಈ ವಿಧಾನದ ಹಳೆಯ ಚರಿತ್ರೆ. 1938ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೌರರ್ ದಂಪತಿ 30 ಮಕ್ಕಳ ಮೇಲೆ ಇದನ್ನು ಪ್ರಯೋಗಿಸಿ ಎಲ್ಲರಲ್ಲಿಯೂ ಯಶಸ್ಸು ಕಂಡುದಾಗಿ ಬರೆದದ್ದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೂ ಮೊದಲು, 1904ರಲ್ಲಿ, ಮಕ್ಕಳ ವೈದ್ಯ ಫೌಂಡ್ಲರ್ ಇಂತಹದೇ ಗಂಟೆಯನ್ನು ಹಾಸಿಗೆಗೆ ಜೋಡಿಸಿದ್ದ. ಮಗುವನ್ನು ಎಬ್ಬಿಸುವುದು ಅವನ ಉದ್ದೇಶವಾಗಿರಲಿಲ್ಲ. ಹಾಸಿಗೆ ಒದ್ದೆಯಾದದ್ದು ದಾದಿಯರಿಗೆ ಕೂಡಲೇ ತಿಳಿಯಲಿ ಎಂಬುದಷ್ಟೇ ಅವನಿಗೆ ಬೇಕಾಗಿತ್ತು. ಕೆಲವು ಮಕ್ಕಳು ಒದ್ದೆ ಮಾಡುವುದನ್ನೇ ನಿಲ್ಲಿಸಿದ್ದು ಅವನು ನಿರೀಕ್ಷಿಸದೆ ದೊರೆತ ಫಲ. ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು: ಗಂಟೆ ಮೊದಲಿನಿಂದಲೂ ದೊಡ್ಡವರನ್ನು ಕರೆಯುವ ಗಂಟೆ. ಕರೆ ಕೇಳಿ ಬಂದವರು ಆ ಒಂದು ನಿಮಿಷದಲ್ಲಿ ಏನು ಮಾಡುತ್ತಾರೆ ಎಂಬುದನ್ನು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಪೆಟ್ಟಿಗೆಯನ್ನು ಕೈಗಿತ್ತು, ಬಳಕೆಯ ಚೀಟಿಯನ್ನು ಓದಿಹೇಳಿ ಕಳುಹಿಸಿಬಿಡುತ್ತಿದ್ದೆವು.

ಆದ್ದರಿಂದ ಆ ಒಂದು ನಿಮಿಷವನ್ನು ಪೋಷಕರಿಂದ ವಿವರವಾಗಿ ಕೇಳಿ ಬರೆದುಕೊಳ್ಳತೊಡಗಿದೆ. ಬಂದ ವರದಿಗಳು ಬೇರೆ ಬೇರೆ ಮನೆಗಳವಾದರೂ ಒಂದನ್ನೊಂದು ಹೋಲುತ್ತಿದ್ದವು. ಅಲಾರಂ ಹೊಡೆದುಕೊಳ್ಳುತ್ತದೆ, ತಾಯಿ ಧಾವಿಸಿ ಬಂದು ಮೊದಲು ಸದ್ದು ನಿಲ್ಲಿಸುತ್ತಾಳೆ, ಮಗು ಎದ್ದು ಕುಳಿತು ಕಣ್ಣು ತೆರೆದು "ಹೂಂ" ಎನ್ನುತ್ತದೆ, ತಾಯಿ ಚಡ್ಡಿ ಬದಲಿಸಿ ಮಲಗಿಸುತ್ತಾಳೆ. ಬೆಳಿಗ್ಗೆ ಕೇಳಿದರೆ ಮಗುವಿಗೆ ಯಾವುದೂ ನೆನಪಿಲ್ಲ. ಕಣ್ಣು ತೆರೆದಿದ್ದರೂ ಮಗು ಎಚ್ಚರವಾಗಿರಲಿಲ್ಲ. ಆ ರಾತ್ರಿ ಎಚ್ಚರವಾದವಳು ತಾಯಿ ಒಬ್ಬಳೇ. ಅನುಬಂಧನವೇನೋ ಆಗುತ್ತಿತ್ತು, ಆದರೆ ತಪ್ಪು ವ್ಯಕ್ತಿಯಲ್ಲಿ: ಮೂರನೆಯ ವಾರಕ್ಕೆ ಅಲಾರಂ ಬಡಿಯುವ ಮೊದಲೇ ತಾಯಿ ಏಳುತ್ತಿದ್ದಳು.

ನಾನು ಮಾಡಿದ ಬದಲಾವಣೆ ನೋಡಲು ಸಣ್ಣದು. ಅಲಾರಂ ಸದ್ದನ್ನು ನಿಲ್ಲಿಸುವ ಹಕ್ಕು ಮಗುವಿಗೆ ಮಾತ್ರ. ತಂದೆ ಅಥವಾ ತಾಯಿ ಬಂದು ಮಗುವನ್ನು ಹಾಸಿಗೆಯಿಂದ ಇಳಿಸಿ ಎರಡೂ ಪಾದಗಳು ನೆಲಕ್ಕೆ ತಾಗುವಂತೆ ನಿಲ್ಲಿಸಬೇಕು, ಅಗತ್ಯವಿದ್ದರೆ ಮುಖಕ್ಕೆ ತಣ್ಣೀರು ಹಚ್ಚಬೇಕು, ಆ ರಾತ್ರಿ ಮಲಗುವಾಗ ಇಬ್ಬರೂ ಸೇರಿ ಗೊತ್ತುಮಾಡಿಕೊಂಡ ಗುಟ್ಟಿನ ಪದವನ್ನು ಕೇಳಬೇಕು. ಪದ ಪ್ರತಿ ರಾತ್ರಿ ಹೊಸದಾಗಿರಬೇಕು, ಇಲ್ಲವಾದರೆ ನಿದ್ದೆಗಣ್ಣಿನ ಬಾಯಿಗೂ ಅದು ರೂಢಿಯಾಗಿಬಿಡುತ್ತದೆ. ಉತ್ತರ ಸರಿ ಬಂದ ಮೇಲೆಯೇ ಮಗು ತನ್ನ ಕೈಯಿಂದ ಗುಂಡಿ ಒತ್ತಬೇಕು, ಶೌಚಾಲಯಕ್ಕೆ ಹೋಗಿ ಉಳಿದ ಮೂತ್ರವನ್ನು ಮಾಡಬೇಕು, ಹಾಸಿಗೆಯ ಮೇಲುಹೊದಿಕೆ ಬದಲಿಸಲು ಕೈಹಾಕಬೇಕು, ಸೆನ್ಸರನ್ನು ಮತ್ತೆ ಸಿಕ್ಕಿಸಿಕೊಳ್ಳಬೇಕು. ಬೈಗುಳವಿಲ್ಲ, ಉಪದೇಶವಿಲ್ಲ, ಮುದ್ದೂ ಹೆಚ್ಚಿಲ್ಲ. ಗುಟ್ಟಿನ ಪದವನ್ನು ಮಲಗುವಾಗ ಯಾವ ಪ್ರಶ್ನೆಯ ಜೊತೆಗೆ ಕೂಡಿಸುತ್ತೇನೆ ಎಂಬುದನ್ನು ನಾನು ಬರೆಯುವುದಿಲ್ಲ. ಹೊಟ್ಟೆಪಾಡಿಗೆ ಅಷ್ಟನ್ನಾದರೂ ಉಳಿಸಿಕೊಳ್ಳಬೇಕಲ್ಲ.

ಕಲಿಕೆ ಆರಂಭವಾಗಿದೆಯೆಂಬ ಸುಳಿವು ಒಣ ರಾತ್ರಿಗಿಂತ ಬಹಳ ಮೊದಲೇ ಸಿಗುತ್ತದೆ, ಅದನ್ನು ಕಾಣಲು ತಿಳಿಯದೆಯೇ ಹೆಚ್ಚಿನ ಮನೆಗಳು ಕೈಚೆಲ್ಲುತ್ತವೆ. ಮೊದಲು ಒದ್ದೆಯ ಕಲೆ ಚಿಕ್ಕದಾಗುತ್ತದೆ. ಕಲೆಯ ಮೇಲೆ ಅಂಗೈ ಇಟ್ಟು ಅಳೆಯಲು ಹೇಳುತ್ತೇನೆ: ಮೊದಲ ವಾರ ನಾಲ್ಕೈದು ಅಂಗೈ ಅಗಲವಿದ್ದದ್ದು ಮೂರನೆಯ ವಾರಕ್ಕೆ ಒಂದಕ್ಕೆ ಇಳಿದಿದ್ದರೆ, ಹಾಸಿಗೆ ಪ್ರತಿ ರಾತ್ರಿ ಒದ್ದೆಯಾಗುತ್ತಿದ್ದರೂ, ಮಗು ನಡುವೆಯೇ ಸ್ನಾಯುವನ್ನು ಬಿಗಿಹಿಡಿಯಲು ಕಲಿತಿದೆ ಎಂದರ್ಥ. ಬಳಿಕ ಅಲಾರಂ ಬಡಿಯುವ ಹೊತ್ತು ಮಧ್ಯರಾತ್ರಿಯಿಂದ ಬೆಳಗಿನ ಕಡೆಗೆ ಸರಿಯುತ್ತದೆ, ರಾತ್ರಿಗೆ ಎರಡು ಬಾರಿ ಬಡಿಯುತ್ತಿದ್ದದ್ದು ಒಂದಕ್ಕೆ ನಿಲ್ಲುತ್ತದೆ. "ಒದ್ದೆ", "ಒಣ" ಎಂದು ಎರಡೇ ಅಂಕಣವಿದ್ದ ಹಳೆಯ ದಾಖಲೆ ಹಾಳೆಯಲ್ಲಿ ಈ ಪ್ರಗತಿ ಕಾಣಿಸುತ್ತಲೇ ಇರಲಿಲ್ಲ. ಅಂಗೈ ಮತ್ತು ಹೊತ್ತು ಎಂಬ ಎರಡು ಅಂಕಣಗಳನ್ನು ಸೇರಿಸಿದ ಮೇಲೆ ನಡುವೆ ಬಿಟ್ಟುಹೋಗುವವರು ಅರ್ಧಕ್ಕರ್ಧ ಕಡಿಮೆಯಾದರು. ಪುನರ್ಬಲನ, ಅಂದರೆ ಮಾಡಿದ್ದನ್ನು ಮುಂದುವರಿಸುವಂತೆ ಮಾಡುವ ಉತ್ತೇಜನ, ಬೇಕಾಗಿದ್ದದ್ದು ಮಗುವಿಗಿಂತ ಹೆಚ್ಚಾಗಿ ಪೋಷಕರಿಗೆ.

ಮಗುವಿಗೆ ಕೊಡುವ ನಕ್ಷತ್ರ ಚೀಟಿಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಗಿದೆ. ಒಣ ರಾತ್ರಿಗೆ ನಕ್ಷತ್ರ ಕೊಡಬಾರದು. ಒಣಗಿರುವುದು ನಿದ್ದೆಯಲ್ಲಿ ತಾನಾಗಿ ಆಗುವ ಸಂಗತಿ, ಮಗು ಬೇಕೆಂದು ಮಾಡುವ ಕ್ರಿಯೆಯಲ್ಲ. ಕೈಗೆ ಎಟುಕದ್ದಕ್ಕೆ ಬಹುಮಾನ ಇಟ್ಟರೆ ಅದು ದಿನವೂ ಶಿಕ್ಷೆಯಾಗುತ್ತದೆ. ಪಾದ ನೆಲಕ್ಕಿಟ್ಟದ್ದಕ್ಕೆ, ಪದ ಹೇಳಿದ್ದಕ್ಕೆ, ಹೊದಿಕೆ ಬದಲಿಸಿದ್ದಕ್ಕೆ ಕೊಡಬೇಕು. ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಇರುವ ಮಕ್ಕಳಲ್ಲಿ ಇದು ಇನ್ನೂ ಮುಖ್ಯ. ಅಂಥವರಲ್ಲಿ ಹಾಸಿಗೆ ಒದ್ದೆಯಾಗುವುದು ಇತರರಿಗಿಂತ ಹೆಚ್ಚು, ಚಿಕಿತ್ಸೆಗೆ ಹಿಡಿಯುವ ಕಾಲವೂ ನನ್ನ ಅಂದಾಜಿನಲ್ಲಿ ಒಂದೂವರೆ ಪಟ್ಟು. ವಾರದ ಕೊನೆಗೆ ಸಿಗುವ ಬಹುಮಾನ ಅವರ ಪಾಲಿಗೆ ಇಲ್ಲದ ಹಾಗೆಯೇ. ಆ ರಾತ್ರಿಯೇ, ಮತ್ತೆ ಮಲಗುವ ಮೊದಲೇ, ಚೀಟಿ ಅಂಟಿಸಬೇಕು. ಮಾತಿಗೆಲ್ಲ ಎದುರು ನಿಲ್ಲುವ ಸ್ವಭಾವದ ಮಗುವಾದರೆ ಹಗಲಿನ ಹಟವನ್ನು ಸ್ವಲ್ಪ ಹತೋಟಿಗೆ ತಂದ ಮೇಲೆಯೇ ಅಲಾರಂ ಆರಂಭಿಸುತ್ತೇನೆ. ಹತ್ತು ನಿಮಿಷ ಅರಚಿದ ಮೇಲೆ ಕೇಳಿದ್ದನ್ನು ಕೊಡುವ ಮನೆಯಲ್ಲಿ ಮಗು ಹತ್ತು ನಿಮಿಷ ಅರಚುವುದನ್ನು ಕಲಿತಿರುತ್ತದೆ, ರಾತ್ರಿಯೂ ಅದನ್ನೇ ಪ್ರಯೋಗಿಸುತ್ತದೆ.

ಇನ್ನು ಹಣದ ವಿಚಾರ. ಆರಂಭದಲ್ಲಿ ಹಾಸಿಗೆಯ ಮೇಲುಹೊದಿಕೆಯ ಕೆಳಗೆ ಹರಡುವ ಹಾಸು ಮಾದರಿಯ ಉಪಕರಣಗಳನ್ನು ಕೈಯಿಂದ ದುಡ್ಡು ಹಾಕಿ ಕೊಂಡು, ಎರವಲಾಗಿ ಕೊಡುತ್ತಿದ್ದೆ. ಮೂತ್ರದ ಉಪ್ಪು ತಾಗಿ ಲೋಹದ ಪದರಗಳು ಸವೆದುಹೋಗುತ್ತಿದ್ದವು, ಬೆವರಿಗೇ ಅಲಾರಂ ಬಡಿದು ಮನೆಮಂದಿಯೆಲ್ಲ ಎದ್ದು ಕೂರುತ್ತಿದ್ದರು, ಮೂರರಲ್ಲಿ ಒಂದು ಉಪಕರಣ ವಾಪಸು ಬರುತ್ತಲೇ ಇರಲಿಲ್ಲ. ಹಾಸು ಮಾದರಿಯಲ್ಲಿ ಗಂಟೆ ಕೆಟ್ಟು ವಿದ್ಯುತ್ ಮಾತ್ರ ಹರಿಯುತ್ತಿದ್ದರೆ ಒದ್ದೆ ಚರ್ಮ ಸುಟ್ಟು ಗಾಯವಾಗುವ ಅಪಾಯವಿತ್ತೆಂಬುದು ಹಳಬರಿಗೆ ತಿಳಿದೇ ಇದೆ. ಎಲ್ಲವನ್ನೂ ಬದಿಗೊತ್ತಿ, ಒಳಉಡುಪಿಗೆ ಸಿಕ್ಕಿಸಿ ಹೆಗಲ ಬಳಿ ಪೆಟ್ಟಿಗೆ ಇಟ್ಟುಕೊಳ್ಳುವ ಮಾದರಿಗೆ ಬದಲಾದೆ. ಮೊದಲ ಹನಿಗೂ ಸದ್ದಿಗೂ ನಡುವಿನ ಅಂತರ ಇದರಲ್ಲಿ ಬಹಳ ಕಡಿಮೆ, ಅನುಬಂಧನದಲ್ಲಿ ಆ ಅಂತರವೇ ಜೀವಾಳ. ಎರವಲಿಗೆ ಬದಲಾಗಿ, ಉಪಕರಣದ ಬೆಲೆಯ ಅರ್ಧದಷ್ಟನ್ನು ಠೇವಣಿಯಾಗಿ ಪಡೆಯತೊಡಗಿದೆ. ಠೇವಣಿ ಕೊಟ್ಟವರು ಎರಡನೆಯ ವಾರವನ್ನು ದಾಟುತ್ತಾರೆ ಎಂಬುದು ನಾನು ಕಂಡ ಸತ್ಯ. ಇದೂ ಒಂದು ಬಗೆಯ ಅನುಬಂಧನವೆಂದು ಬೇಕಾದರೆ ಹೇಳಬಹುದು.

ಈ ವಿಧಾನದಿಂದ ಚಿಕಿತ್ಸಕರಿಗೆ ಹೆಚ್ಚು ಸಂಪಾದನೆಯಿಲ್ಲ ಎಂಬುದನ್ನೂ ಹೇಳಬೇಕು. ಭೇಟಿಗಳು ನಾಲ್ಕೈದಕ್ಕೆ ಮುಗಿಯುತ್ತವೆ, ಮೊದಲ ಎರಡು ವಾರ ಹಣವಿಲ್ಲದ ದೂರವಾಣಿ ಕರೆಗಳೇ ಹೆಚ್ಚು. ಪೋಷಕರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ರಾತ್ರಿ ಮೂತ್ರ ಉತ್ಪತ್ತಿಯನ್ನು ತಗ್ಗಿಸುವ ಡೆಸ್ಮೊಪ್ರೆಸಿನ್ ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಹಾಸಿಗೆ ಒಣಗಿರುತ್ತದೆ, ನಿಲ್ಲಿಸಿದರೆ ಬಹಳ ಮಕ್ಕಳಲ್ಲಿ ಮತ್ತೆ ಒದ್ದೆ. ಖರ್ಚು ತಿಂಗಳು ತಿಂಗಳೂ ಬರುತ್ತದೆ. ಪ್ರವಾಸಕ್ಕೆ, ನೆಂಟರ ಮನೆಗೆ ಹೋಗುವಾಗ ವೈದ್ಯರು ಅದನ್ನು ಬರೆದುಕೊಡುವುದಕ್ಕೆ ನನ್ನ ವಿರೋಧವಿಲ್ಲ.

ಮರುಕಳಿಕೆಯ ಸಮಸ್ಯೆಗೆ ಪರಿಹಾರ ದೊರೆತದ್ದು ಅಧಿಕ ಕಲಿಕೆಯಿಂದ, ಅಂದರೆ ಕಲಿತ ಮೇಲೂ ಇನ್ನಷ್ಟು ಕಷ್ಟದ ಸ್ಥಿತಿಯಲ್ಲಿ ಅಭ್ಯಾಸ ಮುಂದುವರಿಸುವುದರಿಂದ. ಮಗು ಸತತ 14 ರಾತ್ರಿ ಒಣಗಿದ ಮೇಲೆ ಅಲಾರಂ ತೆಗೆಯುವುದಿಲ್ಲ. ಅದನ್ನು ಹಾಗೆಯೇ ಇಟ್ಟು, ಮಲಗುವ ಕಾಲು ಗಂಟೆ ಮೊದಲು ನೀರು ಕುಡಿಸಲು ಆರಂಭಿಸುತ್ತೇನೆ. ಮೊದಲು ಸುಮಾರು 120 ಮಿಲಿಲೀಟರ್, ಎರಡು ರಾತ್ರಿ ಒಣಗಿದರೆ ಇನ್ನೊಂದು 60, ಹೀಗೆ ಏರಿಸುತ್ತಾ ಎಂಟು ವರ್ಷದ ಮಗುವಿಗೆ 300ರ ಆಸುಪಾಸಿನಲ್ಲಿ ನಿಲ್ಲಿಸುವುದು. ಒದ್ದೆಯಾದರೆ ಒಂದು ಮೆಟ್ಟಿಲು ಇಳಿದು ಮತ್ತೆ ಏರುವುದು. ಆ ಅಳತೆಯಲ್ಲಿಯೂ 14 ರಾತ್ರಿ ಒಣಗಿದರೆ ಮುಗಿಯಿತು. ಒಣಗಿದ ಮಗುವಿಗೆ ಬೇಕೆಂದೇ ನೀರು ಕುಡಿಸಿ ಮತ್ತೆ ಒದ್ದೆ ಮಾಡಿಸುವ ಈ ಹಂತವನ್ನು ಪೋಷಕರಿಗೆ ಒಪ್ಪಿಸುವುದೇ ಚಿಕಿತ್ಸೆಯ ಅತ್ಯಂತ ಕಷ್ಟದ ಭಾಗ, ಆದ್ದರಿಂದ ಮೊದಲ ಭೇಟಿಯಲ್ಲಿಯೇ ಇದನ್ನು ಹೇಳಿ ಸಹಿ ಹಾಕಿಸಿಕೊಳ್ಳುತ್ತೇನೆ. ಡೆಸ್ಮೊಪ್ರೆಸಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಮಾತ್ರ ಇದನ್ನು ಎಂದಿಗೂ ಮಾಡಕೂಡದು. ರಕ್ತದ ಸೋಡಿಯಂ ಕುಸಿದು ಮಗು ಫಿಟ್ಸ್‌ಗೆ ಹೋಗಬಹುದು.

ನಡುವೆ ಕೆಲವು ಪಕ್ಕದಾರಿಗಳನ್ನೂ ತುಳಿದು ನೋಡಿದ್ದೇನೆ. ಕರ್ಕಶ ಸದ್ದಿನ ಬದಲು ತಾಯಿಯ ಧ್ವನಿಯನ್ನು ಮುದ್ರಿಸಿ ಬಳಸಿದೆ. ಮೊದಲ ಕೆಲವು ರಾತ್ರಿ ಮಕ್ಕಳು ಥಟ್ಟನೆ ಎದ್ದರು, ಆಮೇಲೆ ಆ ಧ್ವನಿಯನ್ನು ಹಗಲಿನಂತೆಯೇ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪಿಸುವ ಉಪಕರಣ ಒಡಹುಟ್ಟಿದವರೊಂದಿಗೆ ಮಲಗುವ, ಹನ್ನೆರಡು ದಾಟಿದ ಮಕ್ಕಳಿಗೆ ಒಳ್ಳೆಯದು, ಚಿಕ್ಕವರಿಗೆ ಅದು ಸಾಲದು. ಹಗಲು ಮೂತ್ರ ತಡೆಹಿಡಿಯುವ ಅಭ್ಯಾಸದಿಂದ ಮೂತ್ರಕೋಶದ ಹಿಡಿತ ತುಸು ಹೆಚ್ಚಿದಂತೆ ಕಂಡರೂ ಹಾಸಿಗೆಯ ಸ್ಥಿತಿ ಬದಲಾಗಲಿಲ್ಲ. ಗೊತ್ತಾದ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೋಗಿ ಮೂತ್ರ ಮಾಡಿಸುವ ಪದ್ಧತಿಯಿಂದ ಆ ರಾತ್ರಿಯ ಹೊದಿಕೆ ಉಳಿಯುತ್ತದೆ, ಅಷ್ಟೇ; ನಿದ್ದೆಯಲ್ಲಿಯೇ ಮೂತ್ರ ಮಾಡುವುದನ್ನು ಅದು ಇನ್ನಷ್ಟು ರೂಢಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಡುನಡುವೆ ಕೆಲವು ರಾತ್ರಿ ಅಲಾರಂ ಬಂದ್ ಮಾಡಿ, ಮಧ್ಯಂತರ ಪುನರ್ಬಲನದ ತತ್ವದಂತೆ (ಪ್ರತಿ ಬಾರಿಯಲ್ಲದೆ ಆಗಾಗ ಮಾತ್ರ ಬಲ ಸಿಕ್ಕರೆ ಕಲಿಕೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದು) ನಡೆಸಿದ್ದೂ ಉಂಟು. ತತ್ವ ಸರಿಯಿದ್ದರೂ ಯಾವ ರಾತ್ರಿ ಬಂದ್ ಮಾಡಬೇಕೆಂಬುದು ಪೋಷಕರಿಗೆ ಗೊಂದಲವಾಗಿ, ದಾಖಲೆ ಹಾಳೆಗಳು ಓದಲಾಗದಂತಾದವು. ನೀರಿನ ಕ್ರಮವೇ ಸುಲಭ.

ನಾಲ್ಕು ವಾರದಲ್ಲಿ ಕಲೆಯ ಅಳತೆಯಾಗಲಿ ಹೊತ್ತಾಗಲಿ ಸ್ವಲ್ಪವೂ ಬದಲಾಗದಿದ್ದರೆ ನಾನು ನಿಲ್ಲಿಸಿ, ವೈದ್ಯರ ಬಳಿಗೆ ಮತ್ತೆ ಕಳುಹಿಸುತ್ತೇನೆ. ಬದಲಾವಣೆಯ ಸುಳಿವಿದ್ದರೆ ಮೂರು ತಿಂಗಳವರೆಗೂ ಎಳೆಯುತ್ತೇನೆ. ಪೂರ್ತಿ ಗುಣವಾದ ಮೇಲೂ ಉಪಕರಣ ಆರು ತಿಂಗಳು ಅದೇ ಮನೆಯಲ್ಲಿ ಇರಬೇಕು. ಒಂದೇ ವಾರದಲ್ಲಿ ಎರಡು ರಾತ್ರಿ ಒದ್ದೆಯಾದರೆ ನನ್ನನ್ನು ಕೇಳದೆ ಮರುದಿನವೇ ಸಿಕ್ಕಿಸಬೇಕು. ಎರಡನೆಯ ಬಾರಿ ಕಲಿಯುವುದಕ್ಕೆ ಸಾಮಾನ್ಯವಾಗಿ ಮೊದಲಿನ ಮೂರನೆಯ ಒಂದು ಪಾಲು ಕಾಲ ಸಾಕಾಗುತ್ತದೆ. ಆರು ತಿಂಗಳು ತುಂಬಿದ ಮೇಲೆ ಉಪಕರಣವನ್ನೂ ದಾಖಲೆ ಹಾಳೆಗಳನ್ನೂ ಒಟ್ಟಿಗೆ ತಂದವರಿಗೆ ಠೇವಣಿ ಪೂರ್ತಿ ಹಿಂದಕ್ಕೆ, ಹಾಳೆಗಳಿಲ್ಲದೆ ಬಂದವರಿಗೆ ಅರ್ಧ ಮಾತ್ರ.