ನೇಕಾರರಿಲ್ಲದ ಊರಿನಲ್ಲಿ ಹತ್ತು ಮಗ್ಗ: ಮೊದಲು ಹಾಸಿನ ಲೆಕ್ಕ

ನೇಕಾರಿಕೆಯ ರೂಢಿಯೇ ಇಲ್ಲದ ಹಳ್ಳಿಯಲ್ಲಿ ಕೈಮಗ್ಗದ ಘಟಕ ಹೂಡಲು ಹೊರಟವರು ಮೊದಲು ವಿಚಾರಿಸುವುದು ಮಗ್ಗದ ಬೆಲೆಯನ್ನು. ನಾವು ಲೆಕ್ಕ ಶುರುಮಾಡಿದ್ದು ಹಾಸಿನಿಂದ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಂದ. ನೇಯುವವರು ಬಂದು ಕೂತಿರುತ್ತಾರೆ, ಹಾಸು ಬಂದಿರುವುದಿಲ್ಲ. ಮಗ್ಗ ನಿಲ್ಲುವುದು ಹೆಚ್ಚಾಗಿ ಹೀಗೆ.

ನಾವು ಆರಿಸಿಕೊಂಡದ್ದು ಸಾದಾ ಅಂಗಿ ಬಟ್ಟೆ. ಹಾಸಿನ ಎಳೆಗಳು ಹಾದುಹೋಗುವ ಬಾಚಣಿಗೆಯಂಥ ಹಣಿಗೆ 40ರದು, ಅಂದರೆ ಇಂಚಿಗೆ 40 ಎಳೆ. ಹಣಿಗೆಯಲ್ಲಿ 48 ಇಂಚು ಅಗಲ, ಒಟ್ಟು 1920 ಎಳೆ. ಅಡ್ಡಕ್ಕೆ ನೇಯುವ ಎಳೆ, ಅಂದರೆ ಹೊಕ್ಕೂ ಇಂಚಿಗೆ 40. ಹಾಸಿಗೆ 2/40ರ ಜೋಡಿ ಎಳೆ (40ರ ನಂಬರಿನ ಎರಡು ಎಳೆ ಹೊಸೆದದ್ದು), ಹೊಕ್ಕಿಗೆ 20ರ ಒಂಟಿ ಎಳೆ; ನಂಬರು ಹೆಚ್ಚಿದಷ್ಟೂ ನೂಲು ತೆಳು. ಎರಡೂ ಕೆಜಿಗೆ ಸುಮಾರು 33.9 ಕಿ.ಮೀ. ಬರುತ್ತವೆ. ಜೋಡಿ ಎಳೆ ದುಬಾರಿ, ಆದರೆ ಅದಕ್ಕೆ ಗಂಜಿ ಬೇಡ. ಒಂಟಿ ಎಳೆಯ ಹಾಸಿಗೆ ಗಂಜಿ ತೆಳುವಾದರೆ ನೂಲಿನ ನವಿರೆದ್ದು ಹಣಿಗೆಯಲ್ಲಿ ಸಿಕ್ಕಿ ಹರಿಯುತ್ತದೆ, ದಪ್ಪವಾದರೆ ಬಿರುಸಾಗಿ ತುಂಡಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಕೈಗಳಿಗೆ ಮೊದಲ ವರ್ಷ ಆ ಪರೀಕ್ಷೆ ಬೇಡವೇ ಬೇಡ.

100 ಮೀಟರ್ ಹಾಸಿಗೆ 5.7 ಕೆಜಿ ನೂಲು. ನೇಯುವಾಗ ಎಳೆ ಬಳುಕಿ ಉದ್ದ ಕುಗ್ಗುತ್ತದೆ, ತುದಿ ಮಗ್ಗದಲ್ಲೇ ಉಳಿಯುತ್ತದೆ. ಕೈಗೆ ಬರುವುದು 92 ಮೀಟರ್ ಬಟ್ಟೆ. ಅಷ್ಟಕ್ಕೆ ಹೊಕ್ಕು 5.2 ಕೆಜಿ. ಸವಕಳಿ ಸೇರಿ 11.5 ಕೆಜಿ ಹಿಡಿಯಿರಿ.

ಹಾಸು ಸುತ್ತುವ ಡ್ರಮ್ಮಿಗೆ 160 ಬಾಬಿನ್ ಕೂರಿಸಿದರೆ, ಒಮ್ಮೆಗೆ 160 ಎಳೆಯ ಒಂದು ಪಟ್ಟಿಯಂತೆ 12 ಪಟ್ಟಿಗಳಲ್ಲಿ 1920 ಎಳೆ ಮುಗಿಯುತ್ತದೆ. ಪ್ರತಿ ಬಾಬಿನ್ನಿನಲ್ಲಿ 1200 ಮೀಟರ್ ಇರಲೇಬೇಕು. ನೂಲಿನ ಒಂದು ಲಡಿ (ಸುರುಳಿ) 768 ಮೀಟರ್, ಹಾಗಾಗಿ ಒಂದೂಮುಕ್ಕಾಲು ಲಡಿ ಸುತ್ತಿಸುತ್ತೇವೆ. ಕಡಿಮೆ ಸುತ್ತಿದ ಬಾಬಿನ್ ಕೊನೆಯ ಪಟ್ಟಿಯಲ್ಲಿ ಖಾಲಿಯಾಗಿ ಗಂಟುಗಳೆಲ್ಲ ಅಲ್ಲೇ ಸೇರುತ್ತವೆ. ಅದಕ್ಕಿಂತ ಕೆಟ್ಟದ್ದು ಬಿಗಿಯ ವ್ಯತ್ಯಾಸ. ಪ್ರತಿ ಪಟ್ಟಿ ಮುಗಿದಾಗ ಅಂಗೈ ಒತ್ತಿ ಪಕ್ಕದ ಪಟ್ಟಿಗೆ ಹೋಲಿಸಬೇಕು. ಮೆತ್ತಗೆ ತಗ್ಗಿದರೆ ಆಗಲೇ ಬಿಚ್ಚಿ ಮತ್ತೆ ಸುತ್ತಬೇಕು. ಮಗ್ಗಕ್ಕೇರಿದ ಮೇಲೆ ಆ ಸಡಿಲು ನಾಲ್ಕಿಂಚಿನ ಸುಕ್ಕಾಗಿ 92 ಮೀಟರ್ ಉದ್ದಕ್ಕೂ ಓಡುತ್ತದೆ, ಅದನ್ನು ಯಾರೂ ಸರಿಮಾಡಲಾರರು.

ನಂತರ ಕೆಚ್ಚುವುದು. ಹಳೆಯ ಹಾಸಿನ ತುದಿಯನ್ನು ಹಣಿಗೆಯಲ್ಲೇ ಬಿಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ. 1920 ಸಲ! ಪಳಗಿದವರಿಗೂ ಹೆಚ್ಚುಕಡಿಮೆ ಒಂದು ದಿನ. ಈ ಒಂದು ಕೈಕೆಲಸಕ್ಕೆ ಇಬ್ಬರಾದರೂ ತಯಾರಿರಬೇಕು. ಒಬ್ಬರೇ ಇದ್ದು ಅವರಿಗೆ ಜ್ವರ ಬಂದರೆ ಮಗ್ಗಗಳು ಸಾಲಾಗಿ ನಿಲ್ಲುತ್ತವೆ.

ದಿನಕ್ಕೆ 6 ಮೀಟರ್ ನೇಯ್ದರೆ ಒಂದು ಹಾಸು 15 ದಿನ. ಹತ್ತು ಮಗ್ಗಕ್ಕೆ ಒಂದೂವರೆ ದಿನಕ್ಕೊಂದು ಹೊಸ ಹಾಸು ಬೇಕು. ಒಂದು ಡ್ರಮ್ ಇದಕ್ಕೆ ಸಾಕು, ಆದರೆ ಮಗ್ಗಗಳನ್ನು ಒಂದೂವರೆ ದಿನದ ಅಂತರದಲ್ಲಿ ಒಂದೊಂದಾಗಿ ಶುರುಮಾಡಿದರೆ ಮಾತ್ರ. ಉದ್ಘಾಟನೆಯ ದಿನ ಹತ್ತನ್ನೂ ಒಟ್ಟಿಗೆ ಓಡಿಸಿದರೆ ಹದಿನಾರನೆಯ ದಿನ ಹತ್ತೂ ಒಟ್ಟಿಗೆ ಖಾಲಿ.

ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ಹೊಕ್ಕಿನ ನೂಲಿನ ಕೊಳವೆ, ಸುತ್ತಲು ಮೂರು ಮಗ್ಗಕ್ಕೆ ಒಬ್ಬರು. ಈ ಕೂಲಿಯಲ್ಲಿ ಜಿಪುಣತನ ಮಾಡಬೇಡಿ. ಅಡಿಕೆ ಸುಲಿಯುವ ಕಾಲಕ್ಕೆ ಅವರು ಅತ್ತ ಹೋದರೆ ಲಾಳಿ ಬರಿದಾಗುತ್ತದೆ.

ಇಳಕಲ್ಲಿನ ಕಡೆ ಕುಣಿ ಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ, ಒಗ್ಗುತ್ತದೆ. ಒಣ ಹವೆಯಲ್ಲಿ ನೆಲದ ತಂಪು ಎಳೆ ಹರಿಯದಂತೆ ಕಾಯುತ್ತದೆ. ಮಲೆನಾಡಿನಲ್ಲಿ ಜುಲೈಗೆ ಕುಣಿಯಲ್ಲಿ ನೀರು ಜಿನುಗುತ್ತದೆ, ಅಲ್ಲಿ ಚೌಕಟ್ಟಿನ ಮಗ್ಗವೇ ಸರಿ. ಓಡಾಟ ಸೇರಿ ಮಗ್ಗಕ್ಕೆ 8 ಅಡಿಗೆ 8 ಅಡಿ, ಡ್ರಮ್, ರಾಟೆ, ಉಗ್ರಾಣಕ್ಕೆ ಹತ್ತೂ ಮಗ್ಗದ ಜಾಗಕ್ಕಿಂತ ತುಸು ಕಡಿಮೆ. 40 ಅಡಿಗೆ 30 ಅಡಿಯ ಕಟ್ಟಡ ಸಾಕು.

ಬಣ್ಣದ ಮನೆ ಮೊದಲ ವರ್ಷ ಬೇಡ. 10 ಕೆಜಿ ನೂಲಿಗೆ ಒಂದು ಮುಳುಗಿಗೆ 200 ಲೀಟರ್, ಐದಾರು ತೊಳೆತ ಸೇರಿ 1200 ಲೀಟರಿನ ಮೇಲೆ ನೀರು. ಆ ಬಣ್ಣದ ನೀರನ್ನು ಊರ ಹಳ್ಳಕ್ಕೆ ಬಿಡುವ ಹಕ್ಕು ನಮಗಿಲ್ಲ. ಬಣ್ಣದ ನೂಲನ್ನೇ ಕೊಳ್ಳಿ, ಒಂದು ಹಾಸಿನ ಹೊಕ್ಕೆಲ್ಲ ಒಟ್ಟಿಗೆ ಬಣ್ಣ ಹಾಕಿದ ಒಂದೇ ಲಾಟಿನದಿರಲಿ. ಇಲ್ಲದಿದ್ದರೆ ಬಟ್ಟೆಯಲ್ಲಿ ಅಡ್ಡಪಟ್ಟೆ ಏಳುತ್ತದೆ.

25 ದಿನದ ತಿಂಗಳಿಗೆ ಸುಮಾರು 190 ಕೆಜಿ ನೂಲು. ಉಗ್ರಾಣದಲ್ಲಿರುವುದು, ಮಗ್ಗದ ಮೇಲಿರುವುದು, ಮಾರಿ ಹಣ ಬರಬೇಕಾದದ್ದು ಸೇರಿ ಮೂರು ತಿಂಗಳ ನೂಲಿನ ಹಣ, ಅಷ್ಟೇ ದಿನದ ಕೂಲಿ ಕೈಯಲ್ಲಿರಬೇಕು. ಅಷ್ಟು ಹೊಂದದಿದ್ದರೆ ಆರು ಮಗ್ಗಕ್ಕೆ ಇಳಿಸಿ, ಡ್ರಮ್ಮನ್ನು ಮಾತ್ರ ಬಿಡಬೇಡಿ.