ಆರು ಕಾಗದ, ಒಬ್ಬಳೇ ಮುತ್ತಜ್ಜಿ: ದಾಖಲೆಗಳು ಜಗಳಕ್ಕೆ ಬಿದ್ದಾಗ

ವಂಶವೃಕ್ಷ ಬರೆಯಲು ಕೂತವರಿಗೆ ಮೊದಲ ಎರಡು ತಿಂಗಳು ಖುಷಿಯೋ ಖುಷಿ. ಹೊಸ ಹೆಸರು ಸಿಗುತ್ತವೆ, ಖಾಲಿ ಜಾಗ ತುಂಬುತ್ತದೆ. ಮೂರನೇ ತಿಂಗಳಿಗೆ ತಲೆನೋವು ಶುರು. ಒಂದು ಕಾಗದದಲ್ಲಿ ಒಂದು ವಯಸ್ಸು, ಇನ್ನೊಂದರಲ್ಲಿ ಇನ್ನೊಂದು. ಆಗ ಕೆಲವರು ತಮಗೆ ಹಿಡಿಸಿದ ವರ್ಷ ಇಟ್ಟುಕೊಂಡು ಉಳಿದದ್ದನ್ನು ಮರೆತುಬಿಡುತ್ತಾರೆ. ಇನ್ನು ಕೆಲವರು ಯಾವ ವರ್ಷಕ್ಕೆ ಕಾಗದ ಜಾಸ್ತಿಯೋ ಅದಕ್ಕೇ ಜೈ ಅನ್ನುತ್ತಾರೆ. ಎರಡೂ ತಪ್ಪು. ದಾಖಲೆಗಳ ನಡುವೆ ಚುನಾವಣೆ ನಡೆಸಬಾರದು. ಒಂದೊಂದನ್ನೂ ಕಟಕಟೆಗೆ ಕರೆದು, ‘ನಿನಗೆ ಇದನ್ನು ಹೇಳಿದ್ದು ಯಾರು?’ ಎಂದು ಕೇಳಬೇಕು.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಮುತ್ತಜ್ಜಿ ಕಲ್ಪನೆಯವಳು, ಆದರೆ ಅವಳ ಕಾಗದಗಳಂಥವು ಹುಡುಕುವವರಿಗೆ ದಿನಾ ಸಿಗುವಂಥವೇ. ಊರು ಇಂಗ್ಲೆಂಡಿನದು ಎಂದಿಟ್ಟುಕೊಳ್ಳಿ. ಸಿಕ್ಕಿರುವುದು ಆರು ಕಾಗದ.

1871ರ ಜನಗಣತಿಯಲ್ಲಿ ಅವಳಿಗೆ 9 ವರ್ಷ. 1884ರ ಜೂನ್‌ನಲ್ಲಿ ಮದುವೆ, ರಿಜಿಸ್ಟರಿನಲ್ಲಿ 21. 1901ರ ಜನಗಣತಿಯಲ್ಲಿ 37. 1911ರಲ್ಲಿ 46. 1934ರ ನವೆಂಬರ್‌ನಲ್ಲಿ ತೀರಿಕೊಂಡಾಗ ಮರಣ ಪತ್ರದಲ್ಲಿ 72. ಸಮಾಧಿ ಕಲ್ಲಿನ ಮೇಲೆ ‘ಜನನ 1864’.

ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಕಾಗದಕ್ಕೊಂದು ಸಾಲು. ದಾಖಲೆ ಯಾವುದು, ಯಾವ ದಿನದ್ದು, ಅದರಲ್ಲಿ ಏನಿದೆ, ಎಲ್ಲಿ ಸಿಕ್ಕಿತು. ಅಲ್ಲಿ 46 ಅಂತಿದ್ದರೆ ನೀವೂ 46 ಅಂತಲೇ ಬರೆಯಿರಿ. ‘ಇದು 48 ಇರಬೇಕು’ ಎಂದು ಈಗಲೇ ತಿದ್ದಲು ಹೋಗಬೇಡಿ. ಹೆಸರಿನ ಸ್ಪೆಲಿಂಗ್ ತಪ್ಪಿದ್ದರೆ ಆ ತಪ್ಪೂ ಇರಲಿ.

ಇಲ್ಲೊಂದು ಸಣ್ಣ ಲೆಕ್ಕದ ಗುಂಡಿ ಇದೆ, ಹೊಸಬರೆಲ್ಲ ಬೀಳುತ್ತಾರೆ. 1871ರಲ್ಲಿ 9 ವರ್ಷ ಅಂದರೆ ಹುಟ್ಟಿದ್ದು 1862 ಎಂದು ಕಳೆದುಬಿಡುತ್ತಾರೆ. ಆ ವರ್ಷ ಗಣತಿ ನಡೆದದ್ದು ಏಪ್ರಿಲ್ 2ಕ್ಕೆ. ಅವತ್ತಿಗೆ 9 ತುಂಬಿರುವವಳು 1861ರ ಏಪ್ರಿಲ್ 3ರಿಂದ 1862ರ ಏಪ್ರಿಲ್ 2ರ ಒಳಗೆ ಯಾವಾಗ ಬೇಕಾದರೂ ಹುಟ್ಟಿರಬಹುದು. ಒಂದು ವಯಸ್ಸು ಕೊಡುವುದು ಒಂದು ವರ್ಷದ ಕಿಟಕಿಯನ್ನು, ಆ ಕಿಟಕಿ ಸಾಮಾನ್ಯವಾಗಿ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಚಾಚಿಕೊಂಡಿರುತ್ತದೆ. ಎಷ್ಟೋ ‘ಜಗಳ’ಗಳು ಈ ಕಿಟಕಿ ಬರೆದ ಕೂಡಲೇ ತಣ್ಣಗಾಗುತ್ತವೆ.

ನಮ್ಮ ಮುತ್ತಜ್ಜಿಯದು ತಣ್ಣಗಾಗುವುದಿಲ್ಲ. 1871ರ ಗಣತಿ ಮತ್ತು ಮರಣ ಪತ್ರದ ಪ್ರಕಾರ 1861-62. ಮದುವೆಯ ಪ್ರಕಾರ 1862-63. 1901ರದು 1863-64, 1911ರದು 1864-65. ವೋಟು ಹಾಕಿಸಿದರೆ ಕಲ್ಲಿನದೂ ಸೇರಿ 1864ಕ್ಕೆ ಮೂರು ವೋಟು. ಸರಾಸರಿ ತೆಗೆದರೆ 1863. ಎರಡೂ ಸರಿಯಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಹೇಳಿದವರು ಯಾರು?

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮರಣ ಪತ್ರ ಸರ್ಕಾರದ್ದು, ಹಾಗಾಗಿ ಗಟ್ಟಿ ಅನ್ನುತ್ತೇವೆ ಅಲ್ವಾ? ಸತ್ತ ದಿನಾಂಕಕ್ಕೆ ಅದು ಗಟ್ಟಿ ಹೌದು. ಹುಟ್ಟಿದ ದಿನಾಂಕಕ್ಕೆ ಅಲ್ಲ. ಆ ವಿವರ ಕೊಟ್ಟಿದ್ದು ಸತ್ತವರಂತೂ ಅಲ್ಲ, ದುಃಖದಲ್ಲಿದ್ದ ಅಳಿಯನೋ ಪಕ್ಕದ ಮನೆಯವರೋ ಇರಬಹುದು. ಒಂದೇ ಕಾಗದದಲ್ಲಿ ಒಂದು ಸಾಲು ಕಣ್ಣಾರೆ ಕಂಡದ್ದು, ಇನ್ನೊಂದು ಸಾಲು ಕಿವಿಗೆ ಬಿದ್ದದ್ದು. ಆದ್ದರಿಂದ ತೂಕ ಹಾಕಬೇಕಾದ್ದು ಕಾಗದವನ್ನಲ್ಲ, ಸಾಲನ್ನು.

ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ. ಹೇಳಿದವರಿಗೆ ವಿಷಯ ಗೊತ್ತಿರಲು ಸಾಧ್ಯವಿತ್ತೇ? ಘಟನೆ ಆದ ಎಷ್ಟು ದಿನಕ್ಕೆ ಹೇಳಿದರು? ಸುಳ್ಳು ಹೇಳಿದರೆ ಅವರಿಗೆ ಏನಾದರೂ ಲಾಭ ಇತ್ತೇ?

ಮೂರನೆಯದನ್ನು ಮರೆಯಬೇಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಸೇರಲು 18 ಆಗಿರಬೇಕಿತ್ತು, ಹೊರದೇಶಕ್ಕೆ ಹೋಗಲು 19. ಹದಿನಾರರ ಹುಡುಗರು ಸಲೀಸಾಗಿ ‘ಹತ್ತೊಂಬತ್ತು’ ಎಂದರು. ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 42 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ದಂಡದ ಭಯ, ಅದಕ್ಕೆ ಹುಟ್ಟಿದ ದಿನವನ್ನೇ ಮುಂದೆ ತಳ್ಳಿದವರು ಇದ್ದಾರೆ. ಸರ್ಕಾರಿ ಪತ್ರದ ಪ್ರಕಾರ ಮಗು ಹುಟ್ಟುವ ಮೊದಲೇ ಅದರ ದೀಕ್ಷಾಸ್ನಾನ (ಚರ್ಚಿನ ಬ್ಯಾಪ್ಟಿಸಂ) ಆಗಿದ್ದರೆ ಗಾಬರಿ ಬೇಡ, ಅಪ್ಪ ಕಚೇರಿಗೆ ಹೋಗಲು ಸೋಮಾರಿತನ ಮಾಡಿದ್ದಾನೆ ಅಷ್ಟೆ.

ಹೇಳಿದವರು ಯಾರೆಂದು ಕೆಲವು ದಾಖಲೆಗಳು ತಾವೇ ಬಾಯಿಬಿಡುತ್ತವೆ. ಅಮೆರಿಕದ 1940ರ ಜನಗಣತಿಯಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೆ ಎಕ್ಸ್ ಗುರುತು ಹಾಕಬೇಕೆಂಬ ನಿಯಮವಿತ್ತು. ಇಂಗ್ಲೆಂಡಿನ ಮರಣ ಪತ್ರದಲ್ಲಿ ತಿಳಿಸಿದವರಿಗೆ ಒಂದು ಕಾಲಂ ಇರುತ್ತದೆ. ನಮ್ಮ ಮುತ್ತಜ್ಜಿಯ ಪತ್ರದ ಆ ಕಾಲಂ ನೋಡಿದಿರಾ? ಅಲ್ಲಿರುವುದು ಅವಳ ಅಕ್ಕ. ಅಳಿಯ ಅಲ್ಲ, ಮೊಮ್ಮಗ ಅಲ್ಲ. ತಂಗಿ ತೊಟ್ಟಿಲಲ್ಲಿದ್ದುದನ್ನು ನೋಡಿದವಳು! ಆ 72ರ ತೂಕ ಈಗ ಏರಿತು. 1871ರ 9 ಹೇಳಿದ್ದು ಮನೆಯಲ್ಲಿದ್ದ ಅಪ್ಪ ಅಮ್ಮ. ಅದೂ ಮಗಳು ಚಿಕ್ಕವಳಿದ್ದಾಗ. ನಲವತ್ತರ ಹೆಂಗಸನ್ನು ಮೂವತ್ತೇಳು ಎನ್ನಬಹುದು, ಒಂಬತ್ತರ ಮಗುವನ್ನು ಆರು ಎನ್ನಲು ಆಗುವುದಿಲ್ಲ.

ಕಲ್ಲಿನ 1864? ಅದನ್ನು ಕೆತ್ತಿಸಿದ್ದು ಮಕ್ಕಳು. ಅವರಿಗೆ ಗೊತ್ತಿದ್ದದ್ದು ಅಮ್ಮ ಹೇಳಿದ್ದಷ್ಟೇ. ಕಲ್ಲಿನಲ್ಲಿ ಕೊರೆದಿದೆ ಅಂದ ಮಾತ್ರಕ್ಕೆ ನಿಜ ಆಗಬೇಕಿಲ್ಲ. ಜೊತೆಗೆ ಕಲ್ಲು ಎಷ್ಟೋ ಸಲ ಸಾವಿನ ವರ್ಷಗಳ ನಂತರ ನಿಲ್ಲುತ್ತದೆ.

ನಕಲು ಎಷ್ಟೇ ಇರಲಿ, ಸಾಕ್ಷಿ ಒಂದೇ

ಇಂಟರ್ನೆಟ್ಟಿನಲ್ಲಿ ಹನ್ನೊಂದು ವಂಶವೃಕ್ಷಗಳು 1864 ಅನ್ನುತ್ತವೆ ಎಂದರೆ ಹನ್ನೊಂದು ಸಾಕ್ಷಿ ಅಲ್ಲ. ಹತ್ತು ಜನ ಒಬ್ಬರಿಂದ ನಕಲು ಹೊಡೆದಿದ್ದಾರೆ, ಆ ಒಬ್ಬರು ಸಮಾಧಿಯ ಫೋಟೊ ನೋಡಿದ್ದಾರೆ. ಹಿಂದಕ್ಕೆ ಹಿಂದಕ್ಕೆ ಹೋಗಿ, ಎಲ್ಲವೂ ಒಂದೇ ಬಾವಿಯ ನೀರು ಎಂದು ಗೊತ್ತಾದರೆ ಒಂದೇ ಸಾಲಾಗಿ ಎಣಿಸಿ.

ಹಾಗೆಯೇ ಹುಡುಕಾಟದ ಪಟ್ಟಿಯಲ್ಲಿ ಟೈಪ್ ಮಾಡಿದ್ದನ್ನು ನಂಬಿ ನಿಲ್ಲಬೇಡಿ, ಮೂಲ ಪುಟದ ಚಿತ್ರ ತೆರೆಯಿರಿ. 1 ಮತ್ತು 7 ಹೊರಗಿನವರ ಕಣ್ಣಿಗೆ ಸುಲಭವಾಗಿ ಅದಲುಬದಲಾಗುತ್ತವೆ. ಹಳೆಯ ಇಂಗ್ಲಿಷ್ ಕೈಬರಹದಲ್ಲಿ ಎರಡು ಎಸ್ ಜೊತೆಗೆ ಬಂದರೆ ಮೊದಲನೆಯದು ಎಫ್ ತರಹ ಕಾಣುತ್ತದೆ, ಹೆಸರೇ ಬೇರೆಯಾಗಿ ಪಟ್ಟಿ ಸೇರುತ್ತದೆ. ‘ಮೂಲ’ದಲ್ಲೂ ಮೂಲ ಬೇರೆ ಇರುತ್ತದೆ: ಇಂಗ್ಲೆಂಡಿನ 1911ರ ಗಣತಿಯಲ್ಲಿ ಮನೆಯವರು ಕೈಯಾರೆ ತುಂಬಿದ ಫಾರಂ ಉಳಿದಿದೆ, 1901ರದರಲ್ಲಿ ನಮಗೆ ಸಿಗುವುದು ಗಣತಿದಾರ ನಕಲು ಮಾಡಿದ ಪುಸ್ತಕ.

ಆ ಕಾಲದ ನಿಯಮ ಗೊತ್ತಿಲ್ಲದೆ ತೀರ್ಪು ಬೇಡ

ಕೆಲವು ಜಗಳ ನಿಜವಾದ ಜಗಳವೇ ಅಲ್ಲ. 1841ರ ಇಂಗ್ಲೆಂಡ್ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಟ್ಟಕ್ಕೆ ಇಳಿಸಿ ಬರೆಯಿರಿ ಎಂದು ಸೂಚನೆ ಇತ್ತು. 34 ಇದ್ದವನು 30 ಆದ. ಅಮೆರಿಕದ ಗಣತಿಯಲ್ಲಿ ಮನೆಯ ಯಜಮಾನನಿಗೆ ಏನಾಗಬೇಕು ಎಂಬ ಕಾಲಂ ಬಂದಿದ್ದೇ 1880ಕ್ಕೆ. 1850, 1860, 1870ರ ಪಟ್ಟಿಯಲ್ಲಿ ಗಂಡ ಹೆಂಡತಿಯ ಕೆಳಗಿರುವ ಹುಡುಗ ಮಗನೇ ಆಗಬೇಕಿಲ್ಲ. ಅಣ್ಣನ ಮಗನೋ, ಕೆಲಸದವನೋ ಇರಬಹುದು.

ಕ್ಯಾಲೆಂಡರಿನ ಕಥೆ ಇನ್ನೂ ಮಜಾ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಜೂನ್‌ನಲ್ಲಿ ಮದುವೆ, ಅದೇ 1720ರ ಫೆಬ್ರುವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದು ರಿಜಿಸ್ಟರ್ ಹೇಳಿದರೆ ಸುಮ್ನೆ ಹಿರಿಯರ ಮೇಲೆ ಗುಮಾನಿ ಪಡಬೇಡಿ. ಆ ಫೆಬ್ರುವರಿ ಬಂದಿದ್ದು ಜೂನ್ ಕಳೆದು ಎಂಟು ತಿಂಗಳಿಗೆ. 1752ರಲ್ಲಿ ಅಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದರು, ಅದಕ್ಕೆ ಹನ್ನೊಂದು ದಿನ ಹಾರಿಸಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಕ್ಯಾಲೆಂಡರಿನಲ್ಲಿ 1731ರ ಫೆಬ್ರುವರಿ 11, ಈಗ ನಾವು ಹೇಳುವುದು 1732ರ ಫೆಬ್ರುವರಿ 22. ಎರಡೂ ಸರಿ. ರಷ್ಯಾದಲ್ಲಿ ಈ ಬದಲಾವಣೆ ಆದದ್ದು 1918ರಲ್ಲಿ, ಜನವರಿ 31ರ ಮರುದಿನ ಫೆಬ್ರುವರಿ 14. ಹಾಗಾಗಿ ದೇಶ ಯಾವುದು, ಬದಲಾಯಿಸಿದ್ದು ಯಾವಾಗ ಎಂದು ನೋಡಿಯೇ ಲೆಕ್ಕ ಹಾಕಿ.

ಒಬ್ಬರೋ, ಇಬ್ಬರೋ?

ವಯಸ್ಸು ಎರಡು ಮೂರು ವರ್ಷ ಆಚೀಚೆ ಆದರೆ ತಪ್ಪು ಎನ್ನುತ್ತೇವೆ. ಆದರೆ ಅದು ಬೇರೆ ಮನುಷ್ಯನೇ ಇರಬಹುದು. ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುವುದು ಹಲವು ಕಡೆ ಇತ್ತು. ಅದೇ ಅಪ್ಪ ಅಮ್ಮ, ಅದೇ ಹೆಸರು, ಮೂರು ವರ್ಷದ ಅಂತರ: ಮೊದಲು ಸಾವಿನ ರಿಜಿಸ್ಟರ್ ನೋಡಿ. ಊರಿನಲ್ಲಿ ಒಂದೇ ಹೆಸರಿನ ದಾಯಾದಿಗಳಿದ್ದರೆ ಕಸುಬು, ಹೆಂಡತಿಯ ಹೆಸರು, ಮದುವೆಗೆ ಸಾಕ್ಷಿ ಹಾಕಿದವರು, ಕೈಸಹಿ, ಇವೆಲ್ಲ ಬೇರ್ಪಡಿಸಿ ತೋರಿಸುತ್ತವೆ. ಮದುವೆಯಲ್ಲಿ ಚಂದವಾಗಿ ಸಹಿ ಮಾಡಿದವನು ಹತ್ತು ವರ್ಷದ ನಂತರ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ನಾನಂತೂ ಇಬ್ಬರು ಎಂದೇ ಶುರು ಮಾಡುತ್ತೇನೆ. ಡಿಎನ್‌ಎ ಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ, ಆದರೆ ಅದೂ ಸರ್ವಜ್ಞ ಅಲ್ಲ. ಅಜ್ಜ-ಮೊಮ್ಮಗ, ಚಿಕ್ಕಪ್ಪ-ಅಣ್ಣನ ಮಗ, ಒಂದೇ ತಂದೆಯ ಬೇರೆ ತಾಯಿಯ ಮಕ್ಕಳು, ಈ ಮೂರು ಜೋಡಿಗಳೂ ಹಂಚಿಕೊಳ್ಳುವುದು ಸುಮಾರು ಕಾಲು ಭಾಗವೇ.

ಹೊಸ ಸಾಕ್ಷಿ, ಮತ್ತು ತಪ್ಪಿಗೊಂದು ಕಾರಣ

ಇರುವ ಕಾಗದಗಳನ್ನೇ ತಿರುವಿ ಹಾಕುತ್ತಾ ಕೂತರೆ ಜಗಳ ಮುಗಿಯುವುದಿಲ್ಲ. ಘಟನೆಗೆ ಹತ್ತಿರದಲ್ಲಿ ಬರೆದ ಕಾಗದ ಬೇಕು. ಮುತ್ತಜ್ಜಿಯ ವಿಷಯದಲ್ಲಿ ಚರ್ಚಿನ ರಿಜಿಸ್ಟರ್ ತೆಗೆಸಿದರೆ 1862ರ ಫೆಬ್ರುವರಿಯಲ್ಲಿ ದೀಕ್ಷಾಸ್ನಾನ, ಪಕ್ಕದಲ್ಲಿ ‘ಜನನ ಡಿಸೆಂಬರ್ 1861’. ಅಪ್ಪ ಅಮ್ಮ, ಅಕ್ಕ, ಚರ್ಚು, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಇಲ್ಲಿಗೆ ನಿಲ್ಲಿಸಬೇಡಿ. ಸೋತ ದಾಖಲೆಗಳು ಯಾಕೆ ತಪ್ಪು ಹೇಳಿದವು ಎಂದು ವಿವರಿಸಲು ಆಗದಿದ್ದರೆ ನಿಮ್ಮ ತೀರ್ಮಾನ ಇನ್ನೂ ಹಸಿ. ಅಮೆರಿಕದ ವಂಶಶೋಧಕರು ಪಾಲಿಸುವ ‘ಜೀನಿಯಾಲಜಿಕಲ್ ಪ್ರೂಫ್ ಸ್ಟ್ಯಾಂಡರ್ಡ್’ನ ಐದು ಅಂಶಗಳಲ್ಲಿ ವಿರುದ್ಧ ಸಾಕ್ಷ್ಯವನ್ನು ಬಗೆಹರಿಸುವುದೂ ಒಂದು.

ಗಂಡನ ವಯಸ್ಸು ನೋಡಿ. ಅವನು ಹುಟ್ಟಿದ್ದು 1863ರ ಮೇ. ಮದುವೆ ದಿನ ಅವನಿಗೆ 21, ಅವಳಿಗೆ ನಿಜವಾಗಿ 22. ಬರೆಸಿದ್ದು ಇಬ್ಬರಿಗೂ 21. 1901ರಲ್ಲಿ ಅವನಿಗೆ 37, ಅವಳಿಗೂ 37. 1911ರಲ್ಲಿ ಅವನಿಗೆ 47, ಅವಳಿಗೆ 46! ಗಂಡನಿಗಿಂತ ದೊಡ್ಡವಳು ಎನಿಸಿಕೊಳ್ಳಬಾರದೆಂದು ಶುರುವಾದದ್ದು ಕೊನೆಗೆ ಒಂದು ವರ್ಷ ಚಿಕ್ಕವಳಾಗುವವರೆಗೆ ಬೆಳೆದಿದೆ. ಮಕ್ಕಳು ಅದನ್ನೇ ನಂಬಿ ಕಲ್ಲಿಗೆ ಹಾಕಿಸಿದರು. ಮೂರು ವೋಟು ಬಂದದ್ದು ಒಂದೇ ಬಾಯಿಂದ.

ಬರೆದಿಡಿ

ವೃಕ್ಷದಲ್ಲಿ ವರ್ಷ ಹಾಕಿ ಸುಮ್ಮನಾಗಬೇಡಿ, ಕೆಳಗೆ ಒಂದು ಪ್ಯಾರಾ ಟಿಪ್ಪಣಿ ಇರಲಿ. ಉದಾಹರಣೆಗೆ: ‘ಜನನ ಡಿಸೆಂಬರ್ 1861. ಆಧಾರ: ದೀಕ್ಷಾಸ್ನಾನದ ರಿಜಿಸ್ಟರ್. 1871ರ ಗಣತಿ, ಅಕ್ಕ ಹೇಳಿದ ಸಾವಿನ ವಯಸ್ಸು ಇದಕ್ಕೆ ಹೊಂದುತ್ತವೆ. ಮದುವೆ, 1901, 1911 ಮತ್ತು ಸಮಾಧಿ ಕಲ್ಲು ಒಂದರಿಂದ ಮೂರು ವರ್ಷ ಕಡಿಮೆ ತೋರಿಸುತ್ತವೆ. ಇವು ಅವಳದೇ ಹೇಳಿಕೆಯಿಂದ ಬಂದಿರುವ ಸಾಧ್ಯತೆ ಜಾಸ್ತಿ, ಗಂಡ ಅವಳಿಗಿಂತ ಚಿಕ್ಕವನು.’ ಸೋತ ವರ್ಷಗಳನ್ನು ಅಳಿಸಬೇಡಿ. ನಾಳೆ ಇನ್ನೊಬ್ಬರು ಕಲ್ಲಿನ ಫೋಟೊ ಹಿಡಿದು ಬಂದು ‘ನಿಮ್ಮದು ತಪ್ಪು’ ಎನ್ನುತ್ತಾರೆ, ಆಗ ಉತ್ತರ ಅಲ್ಲೇ ಇರಬೇಕು.

ಡಿಸೆಂಬರ್ ಎಷ್ಟನೇ ತಾರೀಖು? ರಿಜಿಸ್ಟರಿನ ಆ ಜಾಗದಲ್ಲಿ ಶಾಯಿ ಹರಡಿದೆ, 11 ಇರಬಹುದು, 17 ಇರಬಹುದು. ಟಿಪ್ಪಣಿಯಲ್ಲಿ ಎರಡನ್ನೂ ಬರೆದು, ವೃಕ್ಷದಲ್ಲಿ ಬರೀ ‘ಡಿಸೆಂಬರ್ 1861’ ಎಂದು ಬಿಡಿ.