ಜುಟ್ಟು ಕೆಂಪಾಗುವವರೆಗೆ

ಹಿತ್ತಲ ಕೋಳಿ ಎಷ್ಟು ತಿಂಗಳಿಗೆ ಮೊಟ್ಟೆಗೆ ಬರುತ್ತದೆ ಎಂದು ಕೇಳಿದರೆ ಮರಿ ಮಾರುವವರೆಲ್ಲರದೂ ಒಂದೇ ಉತ್ತರ: ಐದು ತಿಂಗಳು. ಪೇಟೆಗೆ ಮೊಟ್ಟೆ ಕಳಿಸುವ ಫಾರಂಗಳ ಬಿಳಿ ಲೇಯರ್ ಕೋಳಿಗಾದರೆ ಆ ಲೆಕ್ಕ ಸರಿ. ಅದು 18ರಿಂದ 20 ವಾರಕ್ಕೇ ಇಡಲು ತೊಡಗುತ್ತದೆ. ಮನೆಯ ಹಿಂದೆ ಕೆದಕಿ ತಿಂದು ಬೆಳೆಯುವ ತಳಿಗಳ ಲೆಕ್ಕವೇ ಬೇರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ ಐದೂವರೆ ತಿಂಗಳ ಆಸುಪಾಸಿನಲ್ಲಿ ಮೊಟ್ಟೆಗೆ ಬರುತ್ತವೆ. ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಕಾವೇರಿ ಆರು ತಿಂಗಳ ಹತ್ತಿರ. ನಾಟಿ ಕೋಳಿಗೆ ಆರರಿಂದ ಎಂಟು ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ಅದಕ್ಕೆ ಯಾರ ತಗಾದೆಯೂ ತಟ್ಟುವುದಿಲ್ಲ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಹಿತ್ತಲೆಂದರೆ ಹತ್ತಾರು ತೆಂಗಿನ ಮರ, ಒಂದು ನುಗ್ಗೆ, ಸೌದೆ ಕೊಟ್ಟಿಗೆ, ಸೋಗೆ ರಾಶಿ. ಕಳೆದ ಮಳೆಗಾಲದಲ್ಲಿ ಅಲ್ಲಿ ಸ್ವರ್ಣಧಾರಾ ಮರಿಗಳನ್ನು ತಂದು ಬಿಟ್ಟೆ. ಅದೇ ಹೊತ್ತಿಗೆ ಅತ್ತೆಯವರ ನಾಟಿ ಕೋಳಿಯೂ ಮರಿ ಮಾಡಿತ್ತು. ಎರಡೂ ಗುಂಪು ಒಟ್ಟಿಗೇ ಬೆಳೆದದ್ದರಿಂದ ಹೋಲಿಸಿ ನೋಡುವ ಅವಕಾಶ ತಾನಾಗಿ ಒದಗಿತು.

ಎರಡು ತಿಂಗಳಾಗುತ್ತಿದ್ದಂತೆ ಕೆಲವು ಮರಿಗಳ ಜುಟ್ಟು ಎದ್ದು ನಿಂತು ಕೆಂಪಾಯಿತು. ಮನೆಯವರು "ಇವು ಬೇಗ ಮೊಟ್ಟೆಗೆ ಬರುತ್ತವೆ ನೋಡು" ಎಂದು ಹಿಗ್ಗಿದರು. ಅಷ್ಟು ಬೇಗ ಕೆಂಪಾದದ್ದೆಲ್ಲ ಹುಂಜ. ಗಂಡು ಹೆಣ್ಣು ಬೇರ್ಪಡಿಸದೆ ಮಾರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಇರುತ್ತವೆ, ಮೊಟ್ಟೆಯ ಲೆಕ್ಕ ಹಾಕುವಾಗ ಅವನ್ನು ಮೊದಲೇ ಕಳೆಯಬೇಕು. ಮೊಟ್ಟೆ ಇಡುವುದಕ್ಕೆ ಹುಂಜ ಬೇಕೇ ಬೇಕೆಂಬ ನಂಬಿಕೆಯೂ ನಮ್ಮ ಕಡೆ ಇದೆ. ಹುಂಜ ಬೇಕಾಗುವುದು ಮರಿ ಮಾಡಿಸಲು ಮಾತ್ರ, ಅದಿಲ್ಲದೆಯೂ ಹೇಂಟೆ ಇಟ್ಟೇ ಇಡುತ್ತದೆ. ನಾನು ಒಂದು ನಾಟಿ ಹುಂಜವನ್ನು ಉಳಿಸಿಕೊಂಡೆ. ಮಿಕ್ಕವು ಊರಹಬ್ಬದ ಹೊತ್ತಿಗೆ ಖರ್ಚಾದವು.

ಕಾಯುವ ಕಾಲದಲ್ಲಿ ನಿಜವಾದ ಕೆಲಸವಿರುವುದು ಮೇವಿನಲ್ಲಿ. ಬೇಗ ಮೊಟ್ಟೆ ಬರಲಿ ಎಂದು ಕಾಳನ್ನು ಸುರಿದರೆ ಕೋಳಿ ಕೊಬ್ಬುತ್ತದೆ, ಕೊಬ್ಬಿದ ಹೇಂಟೆ ಮೊಟ್ಟೆಯಲ್ಲಿ ಹಿಂದೆ ಬೀಳುತ್ತದೆ. ಬರೀ ಅನ್ನ, ಅಕ್ಕಿ ನುಚ್ಚು ಹಾಕಿದರೂ ಹಾಗೆಯೇ. ಈ ವಯಸ್ಸಿನಲ್ಲಿ ಬೇಕಿರುವುದು ಮೈಕಟ್ಟು, ಅದಕ್ಕೆ ಸಸಾರಜನಕ ಬೇಕು. ನಾನು ಬೆಳಿಗ್ಗೆ ಸ್ವಲ್ಪ, ಸಂಜೆ ಗೂಡಿಗೆ ಕರೆಯುವಾಗ ಸ್ವಲ್ಪ ಹಾಕುತ್ತಿದ್ದೆ: ರಾಗಿ, ಜೋಳದ ನುಚ್ಚು, ತೌಡು, ಕಡಲೆಕಾಯಿ ಹಿಂಡಿ. ಹಿಂಡಿಯನ್ನು ಮೂಸಿ ನೋಡಿಯೇ ತರಬೇಕು. ಬೂಸ್ಟು ಹಿಡಿದ ಹಿಂಡಿ ಕೋಳಿಯ ಈಲಿಗೆ ವಿಷ. ಮಧ್ಯಾಹ್ನ ಒಂದು ನುಗ್ಗೆ ಕೊಂಬೆಯನ್ನು ಮೂತಿಗೆ ಎಟಕುವಂತೆ ಕಟ್ಟಿದರೆ ಎಲೆ ಉಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ಮೇವು ಗೆದ್ದಲು. ಹಳೆಯ ಮಡಕೆಯೊಳಗೆ ಒದ್ದೆ ಸಗಣಿ, ಕೊಳೆತ ಹುಲ್ಲು, ಹರಿದ ಗೋಣಿಯ ಚೂರು ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಬೇಕು. ಬೆಳಿಗ್ಗೆ ಎತ್ತಿ ಕೊಡವಿದರೆ ಹುಲ್ಲಿನ ಎಳೆ ಎಳೆಯಲ್ಲೂ ಬಿಳಿ ಹುಳು. ಮಡಕೆ ಕಂಡೊಡನೆ ಕೋಳಿಗಳು ರೆಕ್ಕೆ ಬಿಚ್ಚಿ ಓಡಿ ಬರುವುದನ್ನು ನೋಡಲೆಂದೇ ನಾನು ಅಂಗಡಿಯ ಮೇವು ತಂದ ವಾರವೂ ಮಡಕೆ ಬೋರಲು ಹಾಕುವುದನ್ನು ಬಿಡಲಿಲ್ಲ.

ಸುಣ್ಣದ ವಿಚಾರದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಲೇಯರ್ ಮೇವು ಹಾಕಿದರೆ ಬೇಗ ಇಡುತ್ತವೆ ಎಂದು ಮೂರನೆಯ ತಿಂಗಳಿಗೇ ಶುರು ಮಾಡುವವರಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4ರವರೆಗೆ ಇರುತ್ತದೆ, ಬೆಳೆಯುವ ಕೋಳಿಗೆ ಶೇ 1ರಷ್ಟು ಸಾಕು. ಮಿಕ್ಕದ್ದನ್ನು ಹೊರಹಾಕುವ ಭಾರ ಎಳೆಯ ಮೂತ್ರಪಿಂಡದ ಮೇಲೆ ಬೀಳುತ್ತದೆ. ಇಡಲು ಶುರುವಾದ ಮೇಲೆ ಮಾತ್ರ ಸುಣ್ಣ ತಪ್ಪಲೇಬಾರದು, ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಹಾಗಾಗಿ ನಾನು ಮೇವಿಗೆ ಬೆರೆಸದೆ, ಕಪ್ಪೆಚಿಪ್ಪಿನ ನುಚ್ಚನ್ನು ತೆಂಗಿನ ಕರಟದಲ್ಲಿ ಹಾಕಿ ಪಕ್ಕಕ್ಕಿಟ್ಟೆ. ಎಷ್ಟೋ ವಾರ ಅದಕ್ಕೆ ಧೂಳು ಕೂತಿತೇ ಹೊರತು ಯಾವುದೂ ಮೂಸಲಿಲ್ಲ. ಆಮೇಲೊಂದು ಬೆಳಿಗ್ಗೆ ಕಂದು ಹೇಂಟೆಯೊಂದು ಕಾಳು ಬಿಟ್ಟು ಕರಟದ ಮುಂದೆ ನಿಂತು ಟಕಟಕನೆ ಕುಕ್ಕತೊಡಗಿತು. ಮೊಟ್ಟೆ ಹತ್ತಿರ ಬಂದಿದೆ ಎಂಬುದಕ್ಕೆ ನನಗೆ ಸಿಕ್ಕ ಮೊದಲ ಸುಳಿವು ಅದು.

ಅಷ್ಟರಲ್ಲಿ ಚಳಿಗಾಲ ಹೊಕ್ಕಿತ್ತು. ಮೊಟ್ಟೆಗೂ ಹಗಲಿನ ಉದ್ದಕ್ಕೂ ನೇರ ನಂಟು. ಬೆಳಕು ಕಣ್ಣಿನ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳನ್ನು ಮುಟ್ಟಿ ಅಂಡಾಶಯವನ್ನು ಎಬ್ಬಿಸುತ್ತದೆ. ಚೆನ್ನಾಗಿ ಇಡಲು 14ರಿಂದ 16 ಗಂಟೆ ಬೆಳಕು ಬೇಕೆನ್ನುತ್ತಾರೆ. ನಮ್ಮ ಕಡೆ ಡಿಸೆಂಬರ್ ಹಗಲು ಹನ್ನೊಂದೂವರೆ ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದಲೇ ಮಳೆಗಾಲದ ಮರಿಗಳು ವಯಸ್ಸು ತುಂಬಿದರೂ ತಡ ಮಾಡುವುದುಂಟು. ಫಾರಂನವರು ಬಲ್ಬು ಉರಿಸುತ್ತಾರೆ, ನಾನು ಉರಿಸಲಿಲ್ಲ. ಮೈ ಪೂರ್ತಿ ಬೆಳೆಯುವ ಮುನ್ನ ಬೆಳಕು ಕೊಟ್ಟು ಎಬ್ಬಿಸಿದರೆ ಮೊಟ್ಟೆ ತೀರಾ ಸಣ್ಣದಾಗುತ್ತದೆ, ಕೆಲವಕ್ಕೆ ಗುದದ್ವಾರ ಹೊರಬರುವ ತೊಂದರೆಯೂ ಆಗುತ್ತದೆ. ಮನೆಯ ಸಾರಿಗೆ ಬೇಕಾದ ಮೊಟ್ಟೆಗೆ ಅಷ್ಟು ಅವಸರವೇನಿತ್ತು?

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಜಂತಿನ ಔಷಧಿ ಎಲ್ಲವನ್ನೂ ಮುಂಚೆಯೇ ಪಶು ಆಸ್ಪತ್ರೆಯಲ್ಲಿ ಮುಗಿಸಿದ್ದೆ. ಮೊಟ್ಟೆಗೆ ಬರುವ ಹೊತ್ತಿನಲ್ಲಿ ಹಿಡಿದು ಚುಚ್ಚುವುದು, ಗೂಡು ಬದಲಿಸುವುದು, ಹೊಸ ಕೋಳಿ ತಂದು ಸೇರಿಸುವುದು ಯಾವುದೂ ಬೇಡ. ಬೆದರಿದ ಹೇಂಟೆ ವಾರಗಟ್ಟಲೆ ಮುಂದೂಡುತ್ತದೆ.

ಪಕ್ಕದ ಮನೆಯ ಅಜ್ಜಿಗೆ ನನ್ನ ಕರಟ, ಕ್ಯಾಲೆಂಡರ್ ಯಾವುದೂ ಬೇಡ. ಹೇಂಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಯನ್ನು ಹಿಂದಕ್ಕೆ ಮಾಡಿ, ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಾರೆ. ದ್ವಾರದ ಎರಡೂ ಪಕ್ಕ ಎರಡು ಚೂಪು ಮೂಳೆಗಳಿವೆ. ಎಳೆಯ ಹೇಂಟೆಯಲ್ಲಿ ಅವುಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಎರಡು ಬೆರಳಿನ ಜಾಗವಾಯಿತೆಂದರೆ ಮೊಟ್ಟೆ ಹತ್ತಿರ, ಮೂರಾದರೆ ಇಡುತ್ತಿದೆ ಎಂದೇ ಅರ್ಥ. "ಇದು ಇನ್ನೂ ಎಳಸು ತಾಯಿ, ಬಿಡು. ಆ ಕಂದು ಬಣ್ಣದ್ದನ್ನು ಹಿಡಿ" ಎಂದರು. ಅದನ್ನು ಮುಟ್ಟಿ ನೋಡಿ, "ಈ ವಾರದೊಳಗೆ ಮಂಕರಿ ಸಿದ್ಧ ಮಾಡಿಕೋ" ಎಂದು ಕೈ ತೊಳೆಯಲು ಹೋದರು.

ಆಮೇಲೆ ನನಗೂ ಕಣ್ಣು ಪಳಗಿತು. ಹೇಂಟೆಯ ಜುಟ್ಟು, ಗದ್ದದ ಜೋಲು ಬಿಳಿಚಿಕೊಂಡ ಗುಲಾಬಿಯಿಂದ ದಟ್ಟ ಕೆಂಪಿಗೆ ತಿರುಗುತ್ತವೆ. ಬೆನ್ನ ಮೇಲೆ ಕೈಯಿಟ್ಟರೆ ಹಿಂದೆಲ್ಲ ಕಿರುಚಿ ಓಡುತ್ತಿದ್ದುದು ಈಗ ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ. ಗಂಟಲಲ್ಲೇ ಗೊಣಗುತ್ತಾ ಮೂಲೆ ಮೂಲೆ ಇಣುಕುತ್ತದೆ. ನಮ್ಮದೊಂದು ಅಡುಗೆಮನೆಗೆ ನುಗ್ಗಿ ಒರಳುಕಲ್ಲಿನ ಹಿಂದಿನ ಸಂದನ್ನು ಪರಿಶೀಲಿಸಿ, ಮನಸ್ಸಿಗೆ ಒಪ್ಪದೆ ಹೊರಟುಹೋಯಿತು.

ಮಂಕರಿಗಳನ್ನು ಸೌದೆ ಕೊಟ್ಟಿಗೆಯ ಮಬ್ಬು ಬೆಳಕಿನ ಮೂಲೆಯಲ್ಲಿಟ್ಟೆ. ತಳದಲ್ಲಿ ಒಂದು ಹಿಡಿ ಬೂದಿ, ಹೇನು ಹತ್ತದಿರಲಿ ಎಂದು ಬೇವಿನ ಸೊಪ್ಪು, ಮೇಲೆ ರಾಗಿ ಹುಲ್ಲು. ಕೋಳಿ ಮಲಗುವ ಗಳುವಿಗಿಂತ ಮಂಕರಿ ತಗ್ಗಿನಲ್ಲಿರಬೇಕು, ಎತ್ತರದಲ್ಲಿದ್ದರೆ ರಾತ್ರಿ ಅದರಲ್ಲೇ ಮಲಗಿ ಹಿಕ್ಕೆ ತುಂಬಿಸುತ್ತವೆ. ಒಳಗೆ ಉರುಟಾದ ಒಂದು ಬಿಳಿ ಬೆಣಚುಕಲ್ಲು ಇಟ್ಟೆ. ಇಲ್ಲಿ ಯಾರೋ ಈಗಾಗಲೇ ಇಟ್ಟಿದ್ದಾರೆ, ಜಾಗ ಕ್ಷೇಮವಾಗಿದೆ ಎಂದು ಹೇಂಟೆ ನಂಬುತ್ತದೆ. ಎರಡು ಮಂಕರಿ ಇದ್ದರೂ ಎಲ್ಲಕ್ಕೂ ಬೇಕಾದದ್ದು ಒಂದೇ. ಒಂದು ಒಳಗೆ ಕೂತಿದ್ದರೆ ಇನ್ನೊಂದು ಅದರ ಮುಂದೆ ನಿಂತು ಗಲಾಟೆ ಮಾಡುತ್ತದೆ, ಪಕ್ಕದ ಖಾಲಿ ಮಂಕರಿಯತ್ತ ತಿರುಗಿಯೂ ನೋಡುವುದಿಲ್ಲ.

ಸಂಕ್ರಾಂತಿ ಕಳೆದು ಹಗಲು ತುಸು ಹಿಗ್ಗಿದ ಮೇಲೆ ಅಜ್ಜಿ ತೋರಿಸಿದ ಅದೇ ಕಂದು ಹೇಂಟೆ ಇಟ್ಟಿತು. ಮಂಕರಿಯಿಂದ ಹಾರಿ ಇಳಿದು ಊರಿಗೆಲ್ಲ ಕೇಳುವಂತೆ ಕೊಕ್ಕರಿಸಿತು. ಏನೂ ಮಾಡದ ಹುಂಜವೂ ದನಿಗೂಡಿಸಿತು. ಮೊಟ್ಟೆ ದೊಡ್ಡ ನಿಂಬೆಹಣ್ಣಿನಷ್ಟು, ತೆಳು ಕಂದು, ಚೂಪು ತುದಿಯಲ್ಲಿ ಎಳೆಯಷ್ಟು ರಕ್ತದ ಗೆರೆ. ತಕ್ಕಡಿಯಲ್ಲಿ 40 ಗ್ರಾಂ ತೂಗಲಿಲ್ಲ. ರಕ್ತದ ಗೆರೆ ಕಂಡು ಗಾಬರಿ ಬೇಡ, ಮೊದಮೊದಲು ದಾರಿ ಬಿಗಿಯಾಗಿರುವುದರಿಂದ ಹಾಗಾಗುತ್ತದೆ. ದಿನವೂ ಬಂದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ನಂತರದ ವಾರಗಳಲ್ಲಿ ಚಿಪ್ಪೇ ಇಲ್ಲದ ತೊಗಲು ಮೊಟ್ಟೆ, ಹಳದಿಯೇ ಇಲ್ಲದ ಗೋಲಿಯಂಥ ಮೊಟ್ಟೆ, ಎರಡು ಹಳದಿಯ ಉದ್ದನೆ ಮೊಟ್ಟೆ ಎಲ್ಲವೂ ಬಂದವು. ಒಳಗಿನ ಯಂತ್ರ ಹದಕ್ಕೆ ಬರುವವರೆಗೆ ಇದು ಇದ್ದದ್ದೇ. ತೊಗಲು ಮೊಟ್ಟೆ ಕಂಡೊಡನೆ ಎತ್ತಿಬಿಡಬೇಕು, ಅದರ ರುಚಿ ಹತ್ತಿದ ಕೋಳಿ ಮುಂದೆ ಒಳ್ಳೆಯ ಮೊಟ್ಟೆಯನ್ನೂ ಒಡೆದು ತಿನ್ನುತ್ತದೆ.

ದಿನಕ್ಕೊಂದು ಎಂದು ಲೆಕ್ಕ ಹಾಕಿದವರಿಗೆ ಇನ್ನೊಂದು ಸಂಗತಿ. ಒಂದು ಮೊಟ್ಟೆ ಒಳಗೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟಲೇ ಹೋಗುತ್ತದೆ. ಹಾಗಾಗಿ ಇಂದು ಎಂಟಕ್ಕೆ ಇಟ್ಟದ್ದು ನಾಳೆ ಒಂಬತ್ತಕ್ಕೆ, ನಾಡಿದ್ದು ಹತ್ತಕ್ಕೆ ಸರಿಯುತ್ತಾ, ಇಳಿಹೊತ್ತಿಗೆ ತಲುಪಿದಾಗ ಒಂದು ದಿನ ರಜೆ ಹಾಕುತ್ತದೆ. ಹೆಚ್ಚಿನವು ಮಧ್ಯಾಹ್ನದೊಳಗೆ ಇಟ್ಟು ಮುಗಿಸುವುದರಿಂದ ಊಟಕ್ಕೆ ಮುಂಚೆ ಎತ್ತಿಕೊಳ್ಳುವುದು ಒಳ್ಳೆಯದು. ತಡವಾದರೆ ಮುಂಗುಸಿಯದೋ ಕಾಗೆಯದೋ ಪಾಲು.

ನಾಟಿ ಹೇಂಟೆ ಶುರು ಮಾಡಿದ್ದು ಸ್ವರ್ಣಧಾರಾ ಶುರು ಮಾಡಿ ತಿಂಗಳ ಮೇಲೆ. ಮಂಕರಿಗೆ ಸೊಪ್ಪು ಹಾಕದೆ ಸೋಗೆ ರಾಶಿಯೊಳಗೆ ಗುಟ್ಟಾಗಿ ಇಟ್ಟಿತು. ಡಜನ್ನಿನಷ್ಟು ಇಟ್ಟು ಈಗ ಕಾವಿಗೆ ಕೂತಿದೆ, ಹತ್ತಿರ ಹೋದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ಅದರ ಅಡಿಗೆ ಸ್ವರ್ಣಧಾರಾ ಮೊಟ್ಟೆಯನ್ನೂ ಇಡೋಣ ಎಂಬುದು ಅತ್ತೆಯವರ ವಾದ. ಮಿಶ್ರತಳಿಯ ಮರಿಗಳಲ್ಲಿ ತಾಯಿಯ ಗುಣ ಹಾಗೆಯೇ ಉಳಿಯುವುದಿಲ್ಲ, ಅದೂ ಹೊಸದಾಗಿ ಇಡತೊಡಗಿದ ಹೇಂಟೆಯ ಸಣ್ಣ ಮೊಟ್ಟೆಯಿಂದ ಬಲವಾದ ಮರಿ ಬರುವುದು ಕಡಿಮೆ ಎಂಬುದು ನನ್ನ ವಾದ. ಕೊನೆಗೆ ಅತ್ತೆ ದೊಡ್ಡದು ನೋಡಿ ಎರಡನ್ನು ಆರಿಸಿ ಇಟ್ಟೇಬಿಟ್ಟರು. ಗುರುತಿಗೆ ಅವುಗಳ ಮೇಲೆ ಇದ್ದಿಲಿನಿಂದ ಗೆರೆ ಎಳೆದಿದ್ದಾರೆ. 21 ದಿನಕ್ಕೆ ಯಾರ ವಾದ ಗೆಲ್ಲುತ್ತದೆಂದು ಗೊತ್ತಾಗುತ್ತದೆ.